ತಾರೀಖು ತಪ್ಪಿತು, ವಾರ ತಪ್ಪಲಿಲ್ಲ

ಯುನಿಕ್ಸ್ ಮಾದರಿಯ ಕಂಪ್ಯೂಟರುಗಳಲ್ಲಿ ‘ಕ್ಯಾಲ್’ ಎಂಬ ಪುಟ್ಟ ಆಜ್ಞೆಯೊಂದಿದೆ. ಅದರ ಮುಂದೆ ತಿಂಗಳು ಮತ್ತು ವರ್ಷ ಬರೆದರೆ ಆ ತಿಂಗಳ ಕ್ಯಾಲೆಂಡರ್ ಪರದೆಯ ಮೇಲೆ ಮೂಡುತ್ತದೆ. ಒಂದು ಬಿಡುವಿನ ಸಂಜೆ ನಾನು 9, 1752 ಎಂದು ಕೊಟ್ಟೆ. ಮೊದಲ ಸಾಲು ಹೀಗೆ ಬಂತು: ಮಂಗಳವಾರ 1, ಬುಧವಾರ 2, ಗುರುವಾರ 14, ಶುಕ್ರವಾರ 15, ಶನಿವಾರ 16. ನಡುವಿನ ಹನ್ನೊಂದು ತಾರೀಖುಗಳು ನಾಪತ್ತೆ. ಇಡೀ ತಿಂಗಳಿಗೆ ಬರೀ ಹತ್ತೊಂಬತ್ತು ದಿನ.

ತಂತ್ರಾಂಶ ಕೆಟ್ಟಿರಲಿಲ್ಲ. ಬ್ರಿಟನ್ನಿನಲ್ಲೂ ಅದರ ವಸಾಹತುಗಳಲ್ಲೂ 1752ರ ಸೆಪ್ಟೆಂಬರ್ ನಿಜಕ್ಕೂ ಹಾಗೆಯೇ ಇತ್ತು. ಆದರೆ ಆ ಸಾಲನ್ನು ಇನ್ನೊಮ್ಮೆ ನೋಡಿ, ಈ ಸಲ ಅಂಕಿಗಳನ್ನು ಬಿಟ್ಟು ವಾರಗಳನ್ನು ಮಾತ್ರ ಓದಿ. ಬುಧವಾರದ ಮರುದಿನ ಗುರುವಾರ. ಅಲ್ಲಿ ಯಾವ ಕಂದಕವೂ ಇಲ್ಲ. ಎರಡರ ರಾತ್ರಿ ಮಲಗಿದವರು ಎಂದಿನಂತೆ ಮರುದಿನ ಬೆಳಿಗ್ಗೆಯೇ ಎದ್ದರು, ಎದ್ದಾಗ ತಾರೀಖು ಮಾತ್ರ ಹದಿನಾಲ್ಕಾಗಿತ್ತು.

ಇತಿಹಾಸದಲ್ಲಿ ಇಂಥ ‘ಕಾಣೆಯಾದ ದಿನ’ಗಳು ಹಲವು ಇವೆ. ಅವುಗಳಲ್ಲಿ ಎರಡು ಜಾತಿ. ಒಂದರಲ್ಲಿ ತಾರೀಖು ಜಿಗಿಯುತ್ತದೆ, ವಾರ ಜಿಗಿಯುವುದಿಲ್ಲ. ಇನ್ನೊಂದರಲ್ಲಿ ವಾರವೂ ತಪ್ಪುತ್ತದೆ. ಎರಡಕ್ಕೂ ಕಾರಣಗಳು ಬೇರೆ ಬೇರೆ. ಇವನ್ನು ಒಂದೇ ಚೀಲಕ್ಕೆ ತುಂಬಿದಾಗಲೇ ಗೊಂದಲವಾಗುವುದು. ಹಾಗಾಗಿ ಈ ಲೇಖನದ ಉದ್ದಕ್ಕೂ ಯಾವುದಾದರೂ ತಾರೀಖು ಕಾಣೆಯಾದರೆ ಮೊದಲು ಅದರ ಆಚೀಚೆಯ ವಾರಗಳನ್ನು ಕೇಳೋಣ.

ಎಣಿಕೆ ತಪ್ಪಿದ ಪುರೋಹಿತರು

ಮೂಲ ತೊಡಕು ಆಕಾಶದ್ದು. ಭೂಮಿ ತನ್ನ ಸುತ್ತ ತಾನು ತಿರುಗುವುದಕ್ಕೂ ಸೂರ್ಯನ ಸುತ್ತ ತಿರುಗುವುದಕ್ಕೂ ಒಪ್ಪಂದವೇನೂ ಆಗಿಲ್ಲ. ಒಂದು ಋತುಚಕ್ರ ಮುಗಿಯಲು ಬೇಕಾಗುವುದು 365 ದಿನ, 5 ಗಂಟೆ, 48 ನಿಮಿಷ ಮತ್ತು ಸುಮಾರು 45 ಸೆಕೆಂಡು. ಕ್ಯಾಲೆಂಡರಿನಲ್ಲಿ ಕಾಲು ದಿನ, ಅರ್ಧ ದಿನ ಇಡಲು ಬರುವುದಿಲ್ಲ. ಉಳಿಕೆಯನ್ನು ಕೂಡಿಟ್ಟು ಆಗಾಗ ಒಂದು ಇಡೀ ದಿನವಾಗಿ ಖರ್ಚು ಹಾಕಬೇಕು. ಅದನ್ನು ಯಾವಾಗ, ಎಷ್ಟು ಸಲ ಮಾಡಬೇಕು ಎಂಬುದೇ ಎರಡು ಸಾವಿರ ವರ್ಷಗಳ ರಗಳೆ.

ಹಳೆಯ ರೋಮನ್ ವರ್ಷಕ್ಕೆ 355 ದಿನ. ಕೊರತೆ ತುಂಬಲು ಪುರೋಹಿತ ಮಂಡಳಿ ಆಗೊಮ್ಮೆ ಈಗೊಮ್ಮೆ ಒಂದು ಹೆಚ್ಚುವರಿ ತಿಂಗಳನ್ನು ಸೇರಿಸುತ್ತಿತ್ತು. ಆ ಪುರೋಹಿತರು ರಾಜಕಾರಣಿಗಳೂ ಆಗಿದ್ದರು. ತಮ್ಮವರು ಅಧಿಕಾರದಲ್ಲಿದ್ದಾಗ ವರ್ಷ ಹಿಗ್ಗಿಸಬಹುದು, ಆಗದವರು ಇದ್ದಾಗ ತಿಂಗಳು ಸೇರಿಸುವುದನ್ನು ‘ಮರೆಯಬಹುದು’. ಜೂಲಿಯಸ್ ಸೀಸರ್ ಇದಕ್ಕೆ ಕೈಹಾಕುವ ಹೊತ್ತಿಗೆ ಕ್ಯಾಲೆಂಡರ್ ಋತುಗಳಿಂದ ಎರಡು ತಿಂಗಳಿಗೂ ಮಿಕ್ಕಿ ದೂರ ಸರಿದಿತ್ತು. ಅದನ್ನು ಸರಿಹೊಂದಿಸಲು ಅವನು ಕ್ರಿ.ಪೂ. 46ನೇ ವರ್ಷವನ್ನು 445 ದಿನಗಳಿಗೆ ಎಳೆದ. ಮನುಷ್ಯರು ಬದುಕಿದ ಅತಿ ಉದ್ದದ ‘ವರ್ಷ’ ಬಹುಶಃ ಅದೇ ಇರಬೇಕು. ಮರುವರ್ಷದಿಂದ ಹೊಸ ನಿಯಮ ಜಾರಿಗೆ ಬಂತು: ವರ್ಷಕ್ಕೆ 365 ದಿನ, ನಾಲ್ಕು ವರ್ಷಕ್ಕೊಮ್ಮೆ ಒಂದು ದಿನ ಹೆಚ್ಚು. ಸಲಹೆ ಕೊಟ್ಟವನು ಅಲೆಕ್ಸಾಂಡ್ರಿಯಾದ ಸೋಸಿಜೆನಿಸ್.

ಇಷ್ಟು ಸರಳವಾದ ನಿಯಮವನ್ನೂ ಪುರೋಹಿತರು ಕೆಡಿಸಿದರು, ಅದೂ ಸದುದ್ದೇಶದಿಂದ. ರೋಮನ್ನರು ಎಣಿಸುವಾಗ ಶುರುವಿನದನ್ನೂ ಕೊನೆಯದನ್ನೂ ಸೇರಿಸಿಕೊಳ್ಳುತ್ತಿದ್ದರು. ಇಂದು ಸೋಮವಾರವಾದರೆ ಬುಧವಾರ ಅವರ ಪಾಲಿಗೆ ಮೂರನೆಯ ದಿನ. ಈ ಲೆಕ್ಕದಲ್ಲಿ ‘ನಾಲ್ಕನೆಯ ವರ್ಷ’ ಎಂದರೆ ನಮ್ಮ ಎಣಿಕೆಯ ಮೂರು ವರ್ಷಕ್ಕೊಮ್ಮೆ! ಕ್ರಿ.ಪೂ. 44ರಲ್ಲಿ ಸೀಸರ್ ಕೊಲೆಯಾದ ಮೇಲೆ ತಿದ್ದಲು ಯಾರಿರಲಿಲ್ಲ. 36 ವರ್ಷಗಳಲ್ಲಿ ಒಂಬತ್ತು ಅಧಿಕ ದಿನ ಬರಬೇಕಾದಲ್ಲಿ ಹನ್ನೆರಡು ಬಂದವು. ಕೊನೆಗೆ ಆಗಸ್ಟಸ್ ಚಕ್ರವರ್ತಿ ಕೆಲವು ಅಧಿಕ ವರ್ಷಗಳನ್ನು ಪೂರ್ತಿ ಕೈಬಿಟ್ಟು ಲೆಕ್ಕ ಸರಿಮಾಡಿದ. ಅವನ ಹೆಸರಿನ ತಿಂಗಳಿಗಾಗಿ ಫೆಬ್ರವರಿಯಿಂದ ಒಂದು ದಿನ ಕದ್ದ ಎಂಬ ಮಾತು ಮಾತ್ರ ಅಡಗೂಲಜ್ಜಿ ಕಥೆ. ಫೆಬ್ರವರಿಗೆ ಮೊದಲಿನಿಂದಲೂ ಇಪ್ಪತ್ತೆಂಟೇ ದಿನ.

ಆ ಅಧಿಕ ದಿನವೂ ಫೆಬ್ರವರಿ 29 ಆಗಿರಲಿಲ್ಲ. ರೋಮನ್ನರು ಫೆಬ್ರವರಿ 24ನ್ನು ಎರಡು ಸಲ ಬಾಳಿದರು. ಅದು ಮಾರ್ಚ್ 1ಕ್ಕೆ ಹಿಂದಿನಿಂದ ‘ಆರನೆಯ ದಿನ’ (ಮತ್ತದೇ ಎಣಿಕೆ, ಎರಡು ತುದಿಗಳನ್ನೂ ಸೇರಿಸಿ). ಆ ಆರನೆಯದು ಎರಡು ಸಲ ಬರುತ್ತಿದ್ದುದರಿಂದ ಲ್ಯಾಟಿನ್ ಮೂಲದ ಭಾಷೆಗಳಲ್ಲಿ ಇಂದಿಗೂ ಅಧಿಕ ವರ್ಷದ ಹೆಸರಿನೊಳಗೆ ‘ಎರಡು ಆರು’ ಅಡಗಿ ಕುಳಿತಿದೆ.

ಹನ್ನೊಂದು ನಿಮಿಷದ ಸಾಲ

ಸೀಸರನ ಜೂಲಿಯನ್ ವರ್ಷ ಸರಾಸರಿ 365 ದಿನ 6 ಗಂಟೆ. ನಿಜವಾದ ಋತುವರ್ಷಕ್ಕಿಂತ ಹನ್ನೊಂದು ನಿಮಿಷ ಚಿಲ್ಲರೆ ಹೆಚ್ಚು. ಒಬ್ಬ ಮನುಷ್ಯನ ಆಯುಷ್ಯದಲ್ಲಿ ಇದು ಗಮನಕ್ಕೇ ಬರುವುದಿಲ್ಲ. ಆದರೆ ಹನಿ ಹನಿ ಕೂಡಿದರೆ ಹಳ್ಳ: ಸುಮಾರು 128 ವರ್ಷಕ್ಕೆ ಒಂದು ದಿನ ಸರಿಯುತ್ತದೆ.

ಇದು ರೈತನಿಗಿಂತ ಹೆಚ್ಚು ಕಾಡಿದ್ದು ಚರ್ಚನ್ನು. ಈಸ್ಟರ್ ಹಬ್ಬದ ದಿನವನ್ನು ವಸಂತ ವಿಷುವದಿಂದ, ಅಂದರೆ ಹಗಲು ರಾತ್ರಿ ಸಮವಾಗುವ ದಿನದಿಂದ, ಲೆಕ್ಕ ಹಾಕುತ್ತಾರೆ. ಕ್ರಿ.ಶ. 325ರಲ್ಲಿ ನೈಸಿಯಾ ಧರ್ಮಸಭೆ ನಡೆದ ಕಾಲಕ್ಕೆ ಆ ದಿನ ಮಾರ್ಚ್ 21ರ ಆಸುಪಾಸಿನಲ್ಲಿ ಬೀಳುತ್ತಿತ್ತು, ಚರ್ಚು ಅದೇ ತಾರೀಖನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಹದಿನಾರನೆಯ ಶತಮಾನದ ಹೊತ್ತಿಗೆ ಆಕಾಶದ ವಿಷುವ ಮಾರ್ಚ್ 11ಕ್ಕೆ ಬಂದು ನಿಂತಿತ್ತು. ಪುಸ್ತಕದಲ್ಲಿ ಒಂದು, ಬಾನಿನಲ್ಲಿ ಇನ್ನೊಂದು.

ಕ್ಯಾಲಬ್ರಿಯಾದ ವೈದ್ಯ ಲುಯಿಜಿ ಲಿಲಿಯೋ ಇದಕ್ಕೊಂದು ಪರಿಹಾರ ಬರೆದಿಟ್ಟು 1576ರಲ್ಲಿ ತೀರಿಕೊಂಡ. ಅವನ ಅಣ್ಣತಮ್ಮಂದಿರಲ್ಲಿ ಒಬ್ಬನಾದ ಆಂಟೋನಿಯೋ ಅದನ್ನು ರೋಮಿಗೆ ತಲುಪಿಸಿದ. ಜೆಸ್ಯೂಟ್ ಗಣಿತಜ್ಞ ಕ್ರಿಸ್ಟೋಫರ್ ಕ್ಲೇವಿಯಸ್ ಮುಂದೆ ನಿಂತು ಅದನ್ನು ಸಮರ್ಥಿಸಿದ. 1582ರ ಫೆಬ್ರವರಿ 24ರಂದು ಪೋಪ್ 13ನೇ ಗ್ರೆಗೊರಿ ಆಜ್ಞೆಗೆ ಸಹಿ ಹಾಕಿದ. ಹೆಸರು ಪೋಪನದಾಯಿತು, ಬುದ್ಧಿ ವೈದ್ಯನದು.

ಪರಿಹಾರದಲ್ಲಿ ಎರಡು ಭಾಗ. ಮುಂದಕ್ಕೆ ತಪ್ಪದಿರಲು ಹೊಸ ನಿಯಮ: ನೂರರಿಂದ ಭಾಗವಾಗುವ ವರ್ಷ ಅಧಿಕ ವರ್ಷವಲ್ಲ, ಆದರೆ ನಾನೂರರಿಂದಲೂ ಭಾಗವಾದರೆ ಅಧಿಕ ವರ್ಷವೇ. ಹೀಗೆ 400 ವರ್ಷಗಳಲ್ಲಿ ನೂರರ ಬದಲು 97 ಅಧಿಕ ದಿನ. ಸರಾಸರಿ ವರ್ಷ 365.2425 ದಿನವಾಗುತ್ತದೆ, ಋತುವರ್ಷ 365.2422. ಒಂದು ದಿನದ ತಪ್ಪು ಕೂಡಲು ಮೂರು ಸಾವಿರ ವರ್ಷಕ್ಕೂ ಹೆಚ್ಚು ಬೇಕು. ದೂರದರ್ಶಕ ಹುಟ್ಟುವ ಮೊದಲೇ ಮಾಡಿದ ಲೆಕ್ಕವಿದು ಎಂದು ನೆನೆದರೆ ಟೋಪಿ ತೆಗೆಯಬೇಕು ಅನಿಸುತ್ತದೆ.

ಹಿಂದೆ ಆಗಿಹೋದದ್ದನ್ನು ಸರಿಪಡಿಸಲು ಒಮ್ಮೆಗೇ ಹತ್ತು ತಾರೀಖುಗಳನ್ನು ಕಿತ್ತರು. 1582ರ ಅಕ್ಟೋಬರ್ 4, ಗುರುವಾರ; ಮರುದಿನ ಅಕ್ಟೋಬರ್ 15, ಶುಕ್ರವಾರ. ಹತ್ತೇ ಏಕೆ? ಸೀಸರನ ಕಾಲದಿಂದ ಲೆಕ್ಕ ಹಾಕಿದ್ದರೆ ಇನ್ನೂ ಹೆಚ್ಚು ಕೀಳಬೇಕಿತ್ತು. ಅವರಿಗೆ ಬೇಕಾಗಿದ್ದದ್ದು ನೈಸಿಯಾದ ಆಕಾಶ, ಸೀಸರನದಲ್ಲ. 325ರಿಂದ 1582ಕ್ಕೆ 1257 ವರ್ಷ, 128ರಿಂದ ಭಾಗಿಸಿದರೆ ಹತ್ತಿರಹತ್ತಿರ ಹತ್ತು.

ಆವಿಲಾದ ಸಂತ ತೆರೇಸಾ ತೀರಿಕೊಂಡದ್ದು ಸ್ಪೇನಿನಲ್ಲಿ, ಸರಿಯಾಗಿ ಆ ರಾತ್ರಿಯೇ. ಅಕ್ಟೋಬರ್ 4ರ ರಾತ್ರಿ ಸತ್ತ ಆಕೆಯನ್ನು ಮರುದಿನವೇ ಮಣ್ಣು ಮಾಡಿದರು, ಅಂದರೆ ಅಕ್ಟೋಬರ್ 15ರಂದು. ದಾಖಲೆ ಮಾತ್ರ ಓದಿದವರಿಗೆ ಶವವನ್ನು ಹನ್ನೊಂದು ದಿನ ಇಟ್ಟುಕೊಂಡಿದ್ದರೇನೋ ಅನ್ನಿಸೀತು.

ಖಗೋಳ ವಿಜ್ಞಾನಿಗಳು ಈ ಜಂಜಾಟವನ್ನೇ ಬಿಟ್ಟು ಬೇರೊಂದು ದಾರಿ ಹಿಡಿದಿದ್ದಾರೆ. ತಿಂಗಳೂ ಬೇಡ, ವರ್ಷವೂ ಬೇಡ, ಕ್ರಿ.ಪೂ. 4713ರ ಜನವರಿ 1ರಿಂದ ದಿನಗಳನ್ನು ಸುಮ್ಮನೆ ಎಣಿಸುತ್ತಾ ಹೋಗುವುದು. ಇದು ಜೂಲಿಯನ್ ದಿನಸಂಖ್ಯೆ. ಇದರಲ್ಲಿ 1582ರ ಅಕ್ಟೋಬರ್ 4ರ ಮಧ್ಯಾಹ್ನದ ಸಂಖ್ಯೆ 2299160, ಅಕ್ಟೋಬರ್ 15ರದು 2299161. ನಡುವೆ ಏನೂ ಇಲ್ಲ. ಇನ್ನೊಂದು ಚಂದವೆಂದರೆ ಈ ಸಂಖ್ಯೆಯನ್ನು ಏಳರಿಂದ ಭಾಗಿಸಿದರೆ ಉಳಿಯುವ ಶೇಷವೇ ವಾರವನ್ನು ಹೇಳುತ್ತದೆ. ಸೊನ್ನೆ ಉಳಿದರೆ ಸೋಮವಾರ, ಒಂದು ಉಳಿದರೆ ಮಂಗಳವಾರ. 2299160ನ್ನು ಭಾಗಿಸಿ ನೋಡಿ, ಮೂರು ಉಳಿಯುತ್ತದೆ: ಗುರುವಾರ. ಮರುದಿನಕ್ಕೆ ನಾಲ್ಕು: ಶುಕ್ರವಾರ. ಪೋಪನ ಕತ್ತರಿ ತಾರೀಖುಗಳನ್ನು ಕತ್ತರಿಸಿತೇ ಹೊರತು ಈ ಸರಪಳಿಯನ್ನು ಮುಟ್ಟಲಿಲ್ಲ.

ಒಂದೇ ದಿನಕ್ಕೆ ಎರಡು ತಾರೀಖು

ಸ್ಪೇನ್, ಪೋರ್ಚುಗಲ್, ಪೋಲೆಂಡ್ ಮತ್ತು ಇಟಲಿಯ ಬಹುಭಾಗ ಆಜ್ಞೆಯನ್ನು ಅದೇ ದಿನ ಪಾಲಿಸಿದವು. ಫ್ರಾನ್ಸ್ ಡಿಸೆಂಬರಿನಲ್ಲಿ 9ರಿಂದ 20ಕ್ಕೆ ಹಾರಿತು. ಪ್ರಾಟೆಸ್ಟೆಂಟ್ ದೇಶಗಳಿಗೆ ಲೆಕ್ಕ ಸರಿಯೆಂದು ಗೊತ್ತಿದ್ದರೂ ಹೇಳಿದವನು ಪೋಪ್ ಎಂಬುದೇ ಗಂಟಲಲ್ಲಿ ಸಿಕ್ಕಿಕೊಂಡಿತು. ನೂರಾರು ವರ್ಷ ಯೂರೋಪಿನಲ್ಲಿ ಗಡಿ ದಾಟಿದರೆ ತಾರೀಖು ಬದಲಾಗುತ್ತಿತ್ತು. ದೇಶದಿಂದ ದೇಶಕ್ಕೆ ಪತ್ರ ಬರೆಯುವವರು ಭಿನ್ನರಾಶಿಯ ಹಾಗೆ ಎರಡೂ ತಾರೀಖುಗಳನ್ನು ಮೇಲೆ ಕೆಳಗೆ ಬರೆಯುತ್ತಿದ್ದರು.

ಈ ಇಬ್ಬಂದಿಯಿಂದ ಹುಟ್ಟಿದ ಒಂದೆರಡು ಚಮತ್ಕಾರಗಳು ಇಂದಿಗೂ ರಸಪ್ರಶ್ನೆಗಳಲ್ಲಿ ಓಡಾಡುತ್ತಿವೆ. ‘ಗೆಲಿಲಿಯೋ ಸತ್ತ ವರ್ಷವೇ ನ್ಯೂಟನ್ ಹುಟ್ಟಿದ’ ಎನ್ನುವುದು ಮೊದಲನೆಯದು. ಗೆಲಿಲಿಯೋ ಸತ್ತದ್ದು ಇಟಲಿಯಲ್ಲಿ, 1642ರ ಜನವರಿ 8, ಹೊಸ ಲೆಕ್ಕದಲ್ಲಿ. ನ್ಯೂಟನ್ ಹುಟ್ಟಿದ್ದು ಇಂಗ್ಲೆಂಡಿನಲ್ಲಿ, 1642ರ ಡಿಸೆಂಬರ್ 25, ಹಳೆಯ ಲೆಕ್ಕದಲ್ಲಿ. ಇಬ್ಬರಿಗೂ ಹೊಸ ಲೆಕ್ಕವನ್ನೇ ಹಿಡಿದರೆ ನ್ಯೂಟನ್ ಹುಟ್ಟಿದ್ದು 1643ರ ಜನವರಿ 4. ಇಬ್ಬರಿಗೂ ಹಳೆಯದನ್ನೇ ಹಿಡಿದರೆ ಗೆಲಿಲಿಯೋ ಸತ್ತದ್ದು ಡಿಸೆಂಬರ್ 29, ಆಗಲೂ ಜನವರಿ 1 ಮಧ್ಯೆ ಅಡ್ಡ ಬರುತ್ತದೆ. ಯಾವುದೇ ಒಂದು ತಕ್ಕಡಿಯಲ್ಲಿ ತೂಗಿದರೂ ಆ ಜೋಡಿ ಒಂದೇ ವರ್ಷಕ್ಕೆ ಬೀಳುವುದಿಲ್ಲ. ಎರಡು ತಕ್ಕಡಿ ಬೆರೆಸಿದರೆ ಮಾತ್ರ ಬೀಳುತ್ತದೆ. ಷೇಕ್ಸ್‌ಪಿಯರ್ ಮತ್ತು ಸರ್ವಾಂಟೀಸ್ ಒಂದೇ ದಿನ ತೀರಿಕೊಂಡರು ಎಂಬ ಮಾತೂ ಇದೇ ಜಾತಿಯದು. ಇಬ್ಬರ ಹೆಸರಿನ ಮುಂದೆಯೂ 1616ರ ಏಪ್ರಿಲ್ 23 ಎಂದು ಬರೆಯುವುದುಂಟು. ಆದರೆ ಇಂಗ್ಲೆಂಡಿನ ಏಪ್ರಿಲ್ 23 ಎಂದರೆ ಸ್ಪೇನಿನಲ್ಲಿ ಮೇ 3. ಸಾಲದ್ದಕ್ಕೆ ಸರ್ವಾಂಟೀಸ್ 22ರಂದೇ ಸತ್ತು 23ರಂದು ಮಣ್ಣಾದ. ಯುನೆಸ್ಕೊ ಪುಸ್ತಕ ದಿನಕ್ಕೆ ಆ ತಾರೀಖನ್ನೇ ಆರಿಸಿಕೊಂಡಿದೆ. ತಾರೀಖು ಚೆನ್ನಾಗಿದೆ, ಇರಲಿ ಬಿಡಿ.

ಎಲ್ಲರಿಗಿಂತ ಹೆಚ್ಚು ಪೇಚಿಗೆ ಸಿಕ್ಕಿದ್ದು ಸ್ವೀಡನ್. ಹನ್ನೊಂದು ದಿನಗಳನ್ನು ಒಮ್ಮೆಗೇ ಕಿತ್ತರೆ ಜನ ಗಲಿಬಿಲಿಗೊಳ್ಳುತ್ತಾರೆ, ಮೆಲ್ಲಗೆ ಇಳಿಯೋಣ ಎಂದು ಯಾರಿಗೋ ಹೊಳೆಯಿತು. 1700ರಿಂದ 1740ರವರೆಗೆ ಬರುವ ಹನ್ನೊಂದು ಫೆಬ್ರವರಿ 29ಗಳನ್ನು ಬಿಟ್ಟುಬಿಡುವುದು ಎಂದಾಯಿತು. 1700ರದನ್ನು ಬಿಟ್ಟರು. ಅಷ್ಟರಲ್ಲಿ ದೊಡ್ಡ ಯುದ್ಧ ಶುರುವಾಯಿತು. 1704 ಮತ್ತು 1708ರಲ್ಲಿ ಬಿಡುವುದಕ್ಕೇ ಮರೆತರು. ಪರಿಣಾಮವಾಗಿ ಸ್ವೀಡನ್ ಹಳೆಯ ಲೆಕ್ಕಕ್ಕಿಂತ ಒಂದು ದಿನ ಮುಂದೆ, ಹೊಸದಕ್ಕಿಂತ ಹತ್ತು ದಿನ ಹಿಂದೆ, ಜಗತ್ತಿನಲ್ಲಿ ಯಾರ ಜೊತೆಗೂ ತಾಳೆಯಾಗದೆ ಒಂಟಿಯಾಗಿ ನಿಂತಿತು. ಎರಡು ದೋಣಿಯಲ್ಲಿ ಕಾಲಿಟ್ಟವರ ಗತಿ. ಕೊನೆಗೆ ಬೇಸತ್ತು ಹಳೆಯದಕ್ಕೇ ಮರಳಲು ನಿರ್ಧರಿಸಿದರು. ಬಿಟ್ಟ ಒಂದು ದಿನವನ್ನು ವಾಪಸ್ ತರಬೇಕಲ್ಲ? 1712 ಅಧಿಕ ವರ್ಷ, ಫೆಬ್ರವರಿ 29 ಹೇಗೂ ಇತ್ತು. ಅದರ ಮೇಲೆ ಇನ್ನೊಂದು ಸೇರಿಸಿದರು. ಹೀಗೆ ಸ್ವೀಡನ್ನಿನಲ್ಲಿ 1712ರ ಫೆಬ್ರವರಿ 30 ಎಂಬ ದಿನ ಬಂದು ಹೋಯಿತು. ಅಂದು ಹುಟ್ಟಿದ ಮಗುವಿಗೆ ಮತ್ತೆಂದೂ ಹುಟ್ಟುಹಬ್ಬವಿಲ್ಲ. 1753ರಲ್ಲಿ ಸ್ವೀಡನ್ ಬೇರೆಯವರಂತೆ ಒಂದೇ ಏಟಿಗೆ ಫೆಬ್ರವರಿ 17ರಿಂದ ಮಾರ್ಚ್ 1ಕ್ಕೆ ಹಾರಿತು.

ಬ್ರಿಟನ್ ಅದಕ್ಕೆ ಒಂದು ವರ್ಷ ಮುಂಚೆ ಬದಲಾಯಿತು. ಅಲ್ಲಿ ಇನ್ನೂ ಒಂದು ತೊಡಕಿತ್ತು: ಕಾನೂನಿನ ಪ್ರಕಾರ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ರಂದು. ಅದನ್ನೂ ಜನವರಿ 1ಕ್ಕೆ ತಂದಿದ್ದರಿಂದ ಇಂಗ್ಲೆಂಡಿನ 1751ನೇ ವರ್ಷ ಮಾರ್ಚ್ 25ಕ್ಕೆ ಹುಟ್ಟಿ ಡಿಸೆಂಬರ್ 31ಕ್ಕೇ ಮುಗಿಯಿತು, ಬರೀ 282 ದಿನ. (ಥಾಯ್ಲೆಂಡಿನಲ್ಲೂ ಇದೇ ಕಾರಣಕ್ಕೆ 1940ರ ವರ್ಷಕ್ಕೆ ಒಂಬತ್ತೇ ತಿಂಗಳು.) ಬ್ರಿಟಿಷ್ ವಸಾಹತಾಗಿದ್ದ ವರ್ಜೀನಿಯಾದಲ್ಲಿ ಹುಟ್ಟಿದ ಜಾರ್ಜ್ ವಾಷಿಂಗ್ಟನ್‌ಗೆ ಈ ಎರಡೂ ಬದಲಾವಣೆಗಳು ತಟ್ಟಿದವು. ಅವನ ಜನ್ಮದಿನ 1731ರ ಫೆಬ್ರವರಿ 11 ಇದ್ದದ್ದು 1732ರ ಫೆಬ್ರವರಿ 22 ಆಯಿತು. ತಾರೀಖಿನ ಜೊತೆ ಇಸವಿಯೂ ಬದಲು.

‘ನಮ್ಮ ಹನ್ನೊಂದು ದಿನ ನಮಗೆ ಕೊಡಿ’ ಎಂದು ಇಂಗ್ಲೆಂಡಿನ ಜನ ಬೀದಿಗಿಳಿದು ದಂಗೆ ಎದ್ದರು ಎಂದು ಓದಿರುತ್ತೀರಿ. ಅಂಥ ದಂಗೆ ನಡೆದದ್ದಕ್ಕೆ ಪುರಾವೆ ಇಲ್ಲ. ಚಿತ್ರಕಾರ ವಿಲಿಯಂ ಹೊಗಾರ್ತ್ 1755ರ ಸುಮಾರಿಗೆ ಬರೆದ ಚುನಾವಣೆಯ ವಿಡಂಬನ ಚಿತ್ರವೊಂದರಲ್ಲಿ ನೆಲದ ಮೇಲೆ ಬಿದ್ದ ಫಲಕದಲ್ಲಿ ಆ ಘೋಷಣೆ ಇದೆ. ನಂತರದವರು ಆ ಫಲಕವನ್ನು ವರದಿಯಂತೆ ಓದಿದರು. ಜನರನ್ನು ಪೆದ್ದರನ್ನಾಗಿ ತೋರಿಸುವ ಕಥೆಗೆ ಯಾವಾಗಲೂ ಗಿರಾಕಿಗಳು ಹೆಚ್ಚು. ನಿಜವಾಗಿ ಜನರ ತಕರಾರು ಬಂದಿದ್ದರೆ ಅದು ಬುದ್ಧಿವಂತರ ತಕರಾರೇ ಆಗಿರುತ್ತಿತ್ತು: ಹತ್ತೊಂಬತ್ತು ದಿನದ ತಿಂಗಳಿಗೆ ಪೂರ್ತಿ ಬಾಡಿಗೆ ಕೊಡಬೇಕೆ? ಕಾನೂನು ಬರೆದವರು ಅದನ್ನು ಮೊದಲೇ ಯೋಚಿಸಿದ್ದರು. ಬಾಡಿಗೆ, ಸಾಲ, ಕರಾರುಗಳೆಲ್ಲ ತಾರೀಖಿನ ಪ್ರಕಾರವಲ್ಲ, ನಿಜವಾಗಿ ಕಳೆದ ದಿನಗಳ ಪ್ರಕಾರ ತೀರಬೇಕು ಎಂದು ಬರೆದಿದ್ದರು. ಹಾಗಾಗಿ ಮಾರ್ಚ್ 25ಕ್ಕೆ ಮುಗಿಯುತ್ತಿದ್ದ ಲೆಕ್ಕ ಹನ್ನೊಂದು ದಿನ ಮುಂದಕ್ಕೆ ಹೋಗಿ ಏಪ್ರಿಲ್ 5 ಆಯಿತು. ಬ್ರಿಟನ್ನಿನ ತೆರಿಗೆ ವರ್ಷ ಇವತ್ತಿಗೂ ಏಪ್ರಿಲ್ 5ಕ್ಕೇ ಮುಗಿಯುತ್ತದೆ. ಕಾಣೆಯಾದ ಹನ್ನೊಂದು ದಿನಗಳನ್ನು ನೋಡಬೇಕೆಂದರೆ ಅಲ್ಲಿಯೇ ಇವೆ.

ಪೋಪ್ ಕಿತ್ತದ್ದು ಹತ್ತು, ಬ್ರಿಟನ್ ಕಿತ್ತದ್ದು ಹನ್ನೊಂದು. ತಡಮಾಡಿದಷ್ಟೂ ಬಡ್ಡಿ ಬೆಳೆಯುತ್ತದೆ. 1700, 1800, 1900 ಇವು ಹಳೆಯ ಲೆಕ್ಕದಲ್ಲಿ ಅಧಿಕ ವರ್ಷ, ಹೊಸದರಲ್ಲಿ ಅಲ್ಲ, ಹಾಗಾಗಿ ಪ್ರತಿ ಸಲವೂ ಅಂತರ ಒಂದು ದಿನ ಹಿಗ್ಗಿತು. ರಷ್ಯಾ 1918ರವರೆಗೆ ಕಾದು ಹದಿಮೂರು ದಿನ ತೆತ್ತಿತು: ಜನವರಿ 31 ಬುಧವಾರ, ಮರುದಿನ ಫೆಬ್ರವರಿ 14 ಗುರುವಾರ. ಹಳೆಯ ಲೆಕ್ಕದ ಅಕ್ಟೋಬರ್ 25ರ ಕ್ರಾಂತಿಯ ವಾರ್ಷಿಕೋತ್ಸವವನ್ನು ನವೆಂಬರ್ 7ರಂದು ಆಚರಿಸುವಂತಾದದ್ದು ಹೀಗೆ. ಗ್ರೀಸ್ 1923ರಲ್ಲಿ ಬಂತು.

ಇವೆಲ್ಲ ಮೊದಲನೆಯ ಜಾತಿ. ಅಕ್ಕಪಕ್ಕದ ವಾರಗಳನ್ನು ಕೇಳಿ, ಎಲ್ಲ ಕಡೆ ಸಾಲಾಗಿಯೇ ಇವೆ.

ವಾರವೇ ತಪ್ಪಿದಾಗ

ಎರಡನೆಯ ಜಾತಿಯ ಮೊದಲ ಬಲಿಪಶು ಮೆಗಲಾನನ ಹಡಗುಪಡೆ. 1519ರ ಸೆಪ್ಟೆಂಬರಿನಲ್ಲಿ ಸ್ಪೇನಿನಿಂದ ಪಶ್ಚಿಮಕ್ಕೆ ಹೊರಟ ಐದು ಹಡಗುಗಳಲ್ಲಿ ಭೂಮಿಗೆ ಸುತ್ತು ಹಾಕಿ ಬಂದದ್ದು ಒಂದೇ. ಮೆಗಲಾನ್ ದಾರಿಯಲ್ಲೇ ಹತನಾಗಿದ್ದ. 1522ರ ಜುಲೈನಲ್ಲಿ, ಊರು ಇನ್ನೂ ಎರಡು ತಿಂಗಳು ದೂರವಿರುವಾಗ, ಆ ಹಡಗು ಆಹಾರಕ್ಕಾಗಿ ಕೇಪ್ ವರ್ಡಿ ದ್ವೀಪದಲ್ಲಿ ನಿಂತಿತು. ದಡಕ್ಕಿಳಿದವರು ಇಂದು ಯಾವ ವಾರ ಎಂದು ಕೇಳಿ ತಿಳಿದು ಬಂದರು: ಗುರುವಾರ. ಹಡಗಿನ ಲೆಕ್ಕದಲ್ಲಿ ಬುಧವಾರ. ಆಂಟೋನಿಯೋ ಪಿಗಫೆಟ್ಟಾ ಎಂಬ ಇಟಾಲಿಯನ್ ಪ್ರಯಾಣಿಕ ಮೂರು ವರ್ಷವೂ ದಿನ ತಪ್ಪದೆ ದಿನಚರಿ ಬರೆದಿದ್ದ, ಒಂದು ದಿನವೂ ಕಾಯಿಲೆ ಬಿದ್ದಿರಲಿಲ್ಲ. ಅವನಿಗೆ ಎಲ್ಲಿ ತಪ್ಪಿದೆನೆಂದು ತಿಳಿಯದೆ ದಿಗ್ಭ್ರಮೆಯಾಯಿತು. ಆಮೇಲೆ ಗೊತ್ತಾಯಿತು, ಅವನು ತಪ್ಪಿರಲೇ ಇಲ್ಲ.

ಪಶ್ಚಿಮಕ್ಕೆ ಹೋಗುವವನು ಸೂರ್ಯನ ಹಿಂದೆಯೇ ನಡೆಯುತ್ತಾನೆ. ಮುಳುಗುವ ಸೂರ್ಯನ ಕಡೆಗೆ ಸ್ವಲ್ಪ ಸರಿದಿರುವುದರಿಂದ ಅವನ ಪಾಲಿಗೆ ಸೂರ್ಯಾಸ್ತ ಸ್ವಲ್ಪ ತಡ, ಮರುದಿನದ ಉದಯವೂ ತಡ. ಆ ಹಡಗಿನವರ ಒಂದೊಂದು ದಿನ ಸರಾಸರಿ ಒಂದೂವರೆ ನಿಮಿಷಕ್ಕಿಂತಲೂ ಕಡಿಮೆ ಉದ್ದವಾಗಿತ್ತು, ಅಷ್ಟೇ. ಆದರೆ ಸಾವಿರ ದಿನಗಳಲ್ಲಿ ಅದು ಒಂದು ಇಡೀ ದಿನದಷ್ಟು ಕೂಡಿತು. ಊರಿನವರು ನೋಡಿದ್ದಕ್ಕಿಂತ ಒಂದು ಸೂರ್ಯೋದಯ ಕಡಿಮೆ ನೋಡಿ ಅವರು ಬಂದಿದ್ದರು. ಇಲ್ಲಿ ವಾರ ತಪ್ಪಿದ್ದು ಯಾರ ಆಜ್ಞೆಯಿಂದಲೂ ಅಲ್ಲ. ಹದಿನಾಲ್ಕನೆಯ ಶತಮಾನದಲ್ಲೇ ಸಿರಿಯಾದ ಅಬುಲ್ ಫಿದಾ ಮತ್ತು ಫ್ರಾನ್ಸಿನ ನಿಕೋಲ್ ಒರೆಮ್ ಕುಳಿತಲ್ಲೇ ಇದನ್ನು ಊಹಿಸಿದ್ದರು: ಒಬ್ಬ ಪೂರ್ವಕ್ಕೆ, ಒಬ್ಬ ಪಶ್ಚಿಮಕ್ಕೆ ಭೂಮಿಯನ್ನು ಸುತ್ತಿ ಬಂದರೆ, ಮನೆಯಲ್ಲೇ ಉಳಿದವನ ಲೆಕ್ಕಕ್ಕೆ ಒಬ್ಬನದು ಒಂದು ದಿನ ಹೆಚ್ಚು, ಇನ್ನೊಬ್ಬನದು ಒಂದು ದಿನ ಕಡಿಮೆ ಬರುತ್ತದೆ ಎಂದು.

ಭೂಮಿ ದುಂಡಗಿರುವವರೆಗೆ ಈ ಹೆಚ್ಚುಕಡಿಮೆಯನ್ನು ಎಲ್ಲೋ ಒಂದು ಕಡೆ ಇಳಿಸಲೇಬೇಕು. ಅದಕ್ಕಾಗಿಯೇ ಪೆಸಿಫಿಕ್ ಸಾಗರದ ನಡುವೆ ಅಂತರರಾಷ್ಟ್ರೀಯ ದಿನರೇಖೆ. ಅದು ಯಾವ ಒಪ್ಪಂದದಿಂದಲೂ ಹುಟ್ಟಿದ್ದಲ್ಲ. 1884ರ ವಾಷಿಂಗ್ಟನ್ ಸಮ್ಮೇಳನ ಗ್ರೀನಿಚ್ ರೇಖೆಯನ್ನು ನಿಗದಿ ಮಾಡಿತು, ದಿನರೇಖೆಯನ್ನು ಮಾಡಲಿಲ್ಲ. ಯಾವ ಪಕ್ಕದಲ್ಲಿರಬೇಕು ಎಂಬುದು ಆಯಾ ದೇಶದ ಇಷ್ಟ, ಮತ್ತು ಇಷ್ಟ ಸಾಮಾನ್ಯವಾಗಿ ವ್ಯಾಪಾರವನ್ನು ಹಿಂಬಾಲಿಸುತ್ತದೆ.

ಫಿಲಿಪೈನ್ಸನ್ನು ನೋಡಿ. ಸ್ಪೇನಿನವರು ಅಲ್ಲಿಗೆ ಬಂದದ್ದು ಅಮೆರಿಕದ ಕಡೆಯಿಂದ, ಬರುವಾಗ ಅಮೆರಿಕದ ವಾರವನ್ನೇ ಹೊತ್ತು ತಂದರು. ಪೂರ್ವಾಭಿಮುಖವಾಗಿ ಬಂದ ಪೋರ್ಚುಗೀಸರ ಮಕಾವ್ ಪಕ್ಕದಲ್ಲೇ ಇದ್ದರೂ ಒಂದು ದಿನ ಮುಂದಿತ್ತು. ಮೆಕ್ಸಿಕೊ ಸ್ವತಂತ್ರವಾಗಿ ಆ ಕಡೆಯ ವ್ಯಾಪಾರ ಬತ್ತಿದ ಮೇಲೆ ಫಿಲಿಪೈನ್ಸ್ 1844ರ ಡಿಸೆಂಬರ್ 31ನ್ನೇ ಕೈಬಿಟ್ಟಿತು. ಸೋಮವಾರದ ಮರುದಿನ ಬುಧವಾರ ಬಂತು, ಮಂಗಳವಾರವೇ ಇಲ್ಲ.

ಸಮೋವಾದ ಕಥೆಯಲ್ಲಿ ಎರಡೂ ದಿಕ್ಕಿನ ಪಯಣವಿದೆ. 1892ರಲ್ಲಿ ಅಮೆರಿಕದ ವ್ಯಾಪಾರಿಗಳ ಅನುಕೂಲಕ್ಕೆಂದು ದ್ವೀಪ ಅಮೆರಿಕದ ಪಕ್ಕಕ್ಕೆ ಸರಿಯಿತು, ಆಗ ಒಂದು ದಿನವನ್ನು ಎರಡು ಸಲ ಬಾಳಬೇಕಾಯಿತು. ಆ ದಿನ ಯಾವುದು? ಜುಲೈ 4, ಅಮೆರಿಕದ ಸ್ವಾತಂತ್ರ್ಯ ದಿನ. ಅತಿಥಿ ಸತ್ಕಾರ ಎಂದರೆ ಹೀಗಿರಬೇಕು. ನೂರಿಪ್ಪತ್ತು ವರ್ಷಗಳ ನಂತರ ವ್ಯಾಪಾರವೆಲ್ಲ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಕಡೆಗೆ ತಿರುಗಿತ್ತು. ಇಲ್ಲಿ ಶುಕ್ರವಾರವಿದ್ದರೆ ಅಲ್ಲಿ ಶನಿವಾರದ ರಜೆ, ಅಲ್ಲಿ ಸೋಮವಾರ ಕಚೇರಿ ತೆರೆದಾಗ ಇಲ್ಲಿ ಭಾನುವಾರದ ಪ್ರಾರ್ಥನೆ. ವಾರಕ್ಕೆ ಎರಡು ಕೆಲಸದ ದಿನ ದಂಡ. ಹಾಗಾಗಿ 2011ರಲ್ಲಿ ಸಮೋವಾ ಮತ್ತು ಟೊಕೆಲಾವ್ ರೇಖೆ ದಾಟಿ ಮರಳಿದವು. ಡಿಸೆಂಬರ್ 29, ಗುರುವಾರ. ಮರುದಿನ ಡಿಸೆಂಬರ್ 31, ಶನಿವಾರ. (ಅದೇ ಸಮೋವಾ 2009ರಲ್ಲಿ ರಸ್ತೆಯ ಬಲಬದಿಯ ಸಂಚಾರವನ್ನು ಎಡಬದಿಗೆ ಬದಲಿಸಿತ್ತು. ಬದಲಾವಣೆಗೆ ಅಂಜುವ ಜನವಲ್ಲ.) ಪಕ್ಕದ ಅಮೆರಿಕನ್ ಸಮೋವಾ ಇದ್ದಲ್ಲೇ ಉಳಿಯಿತು. ಕಿರಿಬಾಟಿ ದೇಶ 1995ರ ಆರಂಭಕ್ಕೆ ತನ್ನ ಪೂರ್ವದ ದ್ವೀಪಗಳನ್ನೆಲ್ಲ ಒಂದೇ ಪಕ್ಕಕ್ಕೆ ಎಳೆದುಕೊಂಡಾಗ ರೇಖೆಯಲ್ಲಿ ಒಂದು ದೊಡ್ಡ ಮೂಗು ಮೂಡಿತು. ಇದರ ಫಲ ವಿಚಿತ್ರ: ಗ್ರೀನಿಚ್‌ನಲ್ಲಿ ಮಂಗಳವಾರ ಬೆಳಿಗ್ಗೆ 10:30 ಆದಾಗ ಅಮೆರಿಕನ್ ಸಮೋವಾದಲ್ಲಿ ಸೋಮವಾರ ರಾತ್ರಿ 11:30, ಕಿರಿಬಾಟಿಯ ಪೂರ್ವ ದ್ವೀಪಗಳಲ್ಲಿ ಬುಧವಾರ ಮಧ್ಯರಾತ್ರಿ ಕಳೆದು ಅರ್ಧ ಗಂಟೆ. ಪ್ರತಿದಿನ ಸ್ವಲ್ಪ ಹೊತ್ತು ಭೂಮಿಯ ಮೇಲೆ ಮೂರು ತಾರೀಖುಗಳು ಒಟ್ಟಿಗೆ ಚಾಲ್ತಿಯಲ್ಲಿರುತ್ತವೆ.

ಈಗ ಎರಡೂ ಜಾತಿ ಬೆರೆತ ಒಗಟು. 1867ರಲ್ಲಿ ರಷ್ಯಾ ಅಲಾಸ್ಕಾವನ್ನು ಅಮೆರಿಕಕ್ಕೆ ಮಾರಿತು. ಅಲ್ಲಿ ಅಕ್ಟೋಬರ್ 6, ಶುಕ್ರವಾರದ ಮರುದಿನ ಬಂದದ್ದು ಅಕ್ಟೋಬರ್ 18, ಮತ್ತೆ ಶುಕ್ರವಾರ! ಬಿಡಿಸಿ ನೋಡೋಣ. ರಷ್ಯನ್ನರದು ಹಳೆಯ ಲೆಕ್ಕ, ಆ ಶತಮಾನದಲ್ಲಿ ಅಂತರ ಹನ್ನೆರಡು ದಿನ. ಹಾಗಾಗಿ ಅವರ ಅಕ್ಟೋಬರ್ 6 ಎಂದರೆ ಹೊಸ ಲೆಕ್ಕದ 18, ವಾರ ಅದೇ ಶುಕ್ರವಾರ. ಆದರೆ ರಷ್ಯನ್ನರು ಸೈಬೀರಿಯಾದಿಂದ ಪೂರ್ವಕ್ಕೆ ಬಂದವರು, ಏಷ್ಯಾದ ವಾರ ತಂದಿದ್ದರು. ಅಮೆರಿಕದವರಿಗೆ ಅಂದು ಇನ್ನೂ ಗುರುವಾರ, 17. ರಾತ್ರಿ ಕಳೆದು ಅಮೆರಿಕದ ಲೆಕ್ಕ ಜಾರಿಗೆ ಬಂದಾಗ ಬೆಳಗಾದದ್ದು ಶುಕ್ರವಾರ, 18ಕ್ಕೆ. ಕ್ಯಾಲೆಂಡರ್ ಹನ್ನೆರಡು ದಿನ ಮುಂದೆ ತಳ್ಳಿತು, ದಿನರೇಖೆ ಒಂದು ದಿನ ಹಿಂದೆ ಎಳೆಯಿತು. ಕಾಣೆಯಾದ ತಾರೀಖು ಹನ್ನೊಂದು, ದೊರೆತ ಶುಕ್ರವಾರ ಎರಡು.

ವಾರದ ಸರಪಳಿಯನ್ನು ಬೇಕೆಂದೇ ಮುರಿಯಲು ಹೊರಟವರೂ ಇದ್ದಾರೆ. ಫ್ರೆಂಚ್ ಕ್ರಾಂತಿಕಾರಿಗಳು 1793ರಲ್ಲಿ ಹತ್ತು ದಿನದ ‘ವಾರ’ ತಂದರು. ಒಂಬತ್ತು ದಿನ ದುಡಿದು ಒಂದು ದಿನ ವಿರಾಮ, ಯಾರಿಗೆ ಇಷ್ಟವಾದೀತು? 1806ರ ಜನವರಿ 1ಕ್ಕೆ ನೆಪೋಲಿಯನ್ ಆ ಕ್ಯಾಲೆಂಡರನ್ನೇ ರದ್ದು ಮಾಡಿದ. ಸೋವಿಯತ್ ಸರಕಾರ 1929ರಲ್ಲಿ ಐದು ದಿನದ ಚಕ್ರ ತಂದು, ಕಾರ್ಮಿಕರನ್ನು ಐದು ಬಣ್ಣಗಳ ಗುಂಪುಗಳಾಗಿ ಹಂಚಿ, ಒಂದೊಂದು ಬಣ್ಣಕ್ಕೆ ಒಂದೊಂದು ದಿನ ರಜೆ ಕೊಟ್ಟಿತು. ಕಾರ್ಖಾನೆಯ ಯಂತ್ರ ಒಂದು ದಿನವೂ ನಿಲ್ಲಬಾರದು ಎಂಬುದು ಉದ್ದೇಶ. ಗಂಡನದು ಒಂದು ಬಣ್ಣ, ಹೆಂಡತಿಯದು ಇನ್ನೊಂದು ಬಣ್ಣವಾದರೆ ಇಬ್ಬರಿಗೂ ಒಟ್ಟಿಗೆ ರಜೆಯೇ ಇಲ್ಲ. ಎರಡು ವರ್ಷಕ್ಕೆ ಅದು ಆರು ದಿನದ ಚಕ್ರವಾಯಿತು, 1940ರಲ್ಲಿ ಮತ್ತೆ ಏಳಕ್ಕೇ ಬಂತು. ತಾರೀಖುಗಳನ್ನು ಕಿತ್ತಾಗ ತೆಪ್ಪಗಿದ್ದ ಜನರೇ ಭಾನುವಾರಕ್ಕೆ ಕೈಹಾಕಿದಾಗ ಒಪ್ಪಲಿಲ್ಲ.

ಇಲ್ಲದ ದಿನವನ್ನು ಇದೆ ಎಂದು ನಂಬುವ ಗುಮಾಸ್ತನೊಬ್ಬ ಇಂದಿಗೂ ಕೋಟ್ಯಂತರ ಕಚೇರಿಗಳಲ್ಲಿ ಕೆಲಸ ಮಾಡುತ್ತಿದ್ದಾನೆ. ಮೈಕ್ರೊಸಾಫ್ಟ್ ಎಕ್ಸೆಲ್ ತೆರೆದು ಒಂದು ಚೌಕದಲ್ಲಿ 60 ಎಂದು ಬರೆದು ಅದನ್ನು ತಾರೀಖಿನ ರೂಪಕ್ಕೆ ಬದಲಿಸಿ. 1900ರ ಫೆಬ್ರವರಿ 29 ಎಂದು ತೋರಿಸುತ್ತದೆ. 1900 ನೂರರಿಂದ ಭಾಗವಾಗುತ್ತದೆ, ನಾನೂರರಿಂದ ಆಗುವುದಿಲ್ಲ, ಅಂಥ ದಿನ ಬರಲೇ ಇಲ್ಲ. ಎಕ್ಸೆಲ್‌ಗೆ ಮುಂಚೆ ಹೆಸರು ಮಾಡಿದ್ದ ಲೋಟಸ್ 1-2-3 ತಂತ್ರಾಂಶದಲ್ಲಿ ಈ ತಪ್ಪಿತ್ತು. ಅದರ ಕಡತಗಳು ತನ್ನಲ್ಲೂ ಹೊಂದಿಕೊಳ್ಳಲೆಂದು ಎಕ್ಸೆಲ್ ತಪ್ಪನ್ನೂ ಹಾಗೆಯೇ ಉಳಿಸಿಕೊಂಡಿತು. ಆ ವರ್ಷದ ಜನವರಿ, ಫೆಬ್ರವರಿಗಳ ವಾರವನ್ನು ಕೇಳಿದರೆ ಎಕ್ಸೆಲ್ ಒಂದು ದಿನ ತಪ್ಪಾಗಿ ಹೇಳುತ್ತದೆ. ಇಲ್ಲಿಯೂ ಸುಳ್ಳನ್ನು ಹಿಡಿದುಕೊಡುವುದು ವಾರವೇ.

ಇಂದು ಬದುಕಿರುವ ಯಾರೂ ನೂರರ ನಿಯಮದ ರುಚಿ ಕಂಡಿಲ್ಲ, ಏಕೆಂದರೆ 2000 ನಾನೂರರಿಂದ ಭಾಗವಾಗಿ ಪಾರಾಯಿತು. ಮುಂದಿನ ಸರದಿ 2100. ಹಳೆಯ ಲೆಕ್ಕದಲ್ಲೇ ಕ್ರಿಸ್ಮಸ್ ಆಚರಿಸುವ ರಷ್ಯನ್ ಚರ್ಚಿನ ಹಬ್ಬ ಈಗ ಜನವರಿ 7ಕ್ಕೆ ಬೀಳುತ್ತದೆ, 2101ರಿಂದ ಜನವರಿ 8ಕ್ಕೆ ಸರಿಯುತ್ತದೆ. 2096ರ ಫೆಬ್ರವರಿ 29ರಂದು ಹುಟ್ಟುವ ಕೂಸು ತನ್ನ ತಾರೀಖನ್ನು ಮತ್ತೆ ನೋಡುವ ಹೊತ್ತಿಗೆ ಅದಕ್ಕೆ ಎಂಟು ವರ್ಷ ತುಂಬಿರುತ್ತದೆ.